ಭಟ್ಟರ ಫ್ರೆಂಚು, ಇಲ್ಲದ ಬೆಕ್ಕು

ನಗು ಬರುವಂಥದ್ದನ್ನು ನಾನು ಹುಡುಕಿಕೊಂಡು ಹೋದವಳಲ್ಲ. ಅದೇ ನಮ್ಮ ಮನೆಯ ಬಾಗಿಲು ತಟ್ಟುತ್ತದೆ. ಇಂಗ್ಲಿಷರ ದೇಶದ ಇಲ್ಫರ್ಡಿನ ಈ ಸಾಲುಮನೆಗಳಲ್ಲಿ ಒಂದು ಗೋಡೆಗೆ ಎರಡು ಸಂಸಾರ ಒರಗಿಕೊಂಡಿರುತ್ತವೆ. ಇವರ ಮನೆಯ ಒಗ್ಗರಣೆಗೆ ಅವರ ಮನೆಯಲ್ಲಿ ಸೀನು. ಹೀಗಿರುವಾಗ ವಾರಕ್ಕೊಂದು ಏನಾದರೂ ಆಗದೆ ಹೇಗಿರುತ್ತದೆ?

ನನ್ನ ಮಗಳು ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು. ಮೇಲಿನ ರೂಮನ್ನು ಕುಂದಾಪುರದ ಕಡೆಯ ಗಂಡಹೆಂಡತಿಗೆ ಬಾಡಿಗೆಗೆ ಕೊಟ್ಟಿದ್ದಳು. ಗಂಡ ಹತ್ತಿರದ ಈಸ್ಟ್ ಹ್ಯಾಮಿನ ಒಂದು ದೋಸೆ ಹೋಟೆಲ್ಲಿನಲ್ಲಿ ಅಡುಗೆಯವರು. ಅವರನ್ನು ನಾವೆಲ್ಲ ಭಟ್ಟರು ಅಂತಲೇ ಕರೆಯುತ್ತಿದ್ದೆವು. ಅವರೇನೂ ಭಟ್ಟರಲ್ಲ. ಉಡುಪಿ ಹೋಟೆಲ್ಲಿನ ಒಲೆ ಮುಂದೆ ನಿಂತವರನ್ನು ಹಾಗೆ ಕರೆದು ನಮ್ಮ ಬಾಯಿಗೆ ಅಭ್ಯಾಸ, ಅಷ್ಟೆ. ಮದುವೆಯಾದ ಮೇಲೆ ಆ ಮನುಷ್ಯ ಮುಂಬಯಿಯ ಕ್ಯಾಂಟೀನು, ಆಮೇಲೆ ದುಬೈ ಅಂತ ಒಲೆಯಿಂದ ಒಲೆಗೆ ಅಲೆದು, ವರ್ಷಕ್ಕೊಂದು ಸಲ ತನ್ನ ಮನೆಗೆ ತಾನೇ ನೆಂಟನ ಹಾಗೆ ಹೋಗಿಬರುತ್ತಿದ್ದರಂತೆ. ಗಂಡಹೆಂಡತಿ ಒಂದೇ ಸೂರಿನಡಿ ಸಂಸಾರ ಅಂತ ಹೂಡಿದ್ದು ನಮ್ಮ ಮೇಲಿನ ರೂಮಿನಲ್ಲೇ ಮೊದಲು.

ಅಷ್ಟರಲ್ಲಿ ಹೋಟೆಲ್ಲಿನ ಯಜಮಾನರು, "ನನಗೆ ವಯಸ್ಸಾಯಿತು, ಮುಂದಿನ ಬೇಸಿಗೆ ತನಕ ನಡೆಸಿ ಮಾರಿಬಿಡ್ತೇನೆ" ಅಂದುಬಿಟ್ಟರು. ಈ ದೇಶದಲ್ಲಿ ಕೆಲಸದ ಪರ್ಮಿಟ್ಟು ಅನ್ನುವುದು ಗೂಟಕ್ಕೆ ಕಟ್ಟಿದ ಕರುವಿನ ಹಾಗೆ. ಭಟ್ಟರನ್ನು ಈ ಹೋಟೆಲ್ಲಿಗೆ ಕಟ್ಟಿದ್ದಾರೆ. ಗೂಟ ಕಿತ್ತರೆ ಕರು ಊರಿಗೆ. ಬೇರೆ ಹೋಟೆಲ್ಲಿನವರು, "ದೋಸೆ ಒಳ್ಳೇದು, ಪರ್ಮಿಟ್ಟಿನ ತಲೆನೋವು ಬೇಡ" ಅಂದರು.

"ಊರಿಗೆ ಹೋದ್ರೆ ಮತ್ತೆ ಮುಂಬಯಿ ಅಮ್ಮ, ಮತ್ತೆ ಹೋಟೆಲ್ಲಿನ ಅಟ್ಟದಲ್ಲಿ ಮಲಗೂದು. ಇವಳು ಅಲ್ಲಿ, ನಾನು ಇಲ್ಲಿ" ಅಂತ ಭಟ್ಟರು ನಮ್ಮ ಅಡುಗೆಮನೆಯಲ್ಲಿ ನಿಂತು ಹೇಳಿದರು. ಹೆಂಡತಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

ಫ್ರೆಂಚು ಯಾರ ಹತ್ತಿರ?

ಭಟ್ಟರ ಗುರುತಿನವರೊಬ್ಬರು ಕೆನಡಾದಲ್ಲಿ ಹೋಟೆಲ್ಲು ಇಟ್ಟಿದ್ದರು. ಅವರು ಫೋನಿನಲ್ಲಿ, "ಕೆಲಸ ಉಂಟು, ಹೆಂಡತಿಯನ್ನೂ ಕರಕೊಂಡು ಬನ್ನಿ. ಆದರೆ ನಿಮಗೆ ಫ್ರೆಂಚ್ ಬಂದರೆ ಪರ್ಮಿಟ್ಟು ಸಲೀಸಾಗಿ ಆಗ್ತದೆ" ಅಂದರಂತೆ.

ನನ್ನ ಮಗಳು ಮೊಬೈಲಿನಲ್ಲಿ ಹುಡುಕಿ ಎಲ್ಲರಿಗೂ ಬಿಡಿಸಿ ಹೇಳಿದಳು. ಕೆನಡಾದಲ್ಲಿ ಫ್ರೆಂಚ್ ಆಡುವ ಸೀಮೆ ಅಂತ ಒಂದಿದೆ. ಅದರ ಆಚೆಗಿನ ಊರುಗಳಲ್ಲೂ ಫ್ರೆಂಚ್ ಬಲ್ಲವರು ಹೆಚ್ಚಲಿ ಅಂತ ಅಲ್ಲಿನ ಸರ್ಕಾರಕ್ಕೆ ಆಸೆ. ಅದಕ್ಕೇ ಫ್ರೆಂಚ್ ಬರುವ ಹೊರದೇಶದ ಕೆಲಸಗಾರರಿಗೆ ಬೇರೆಯದೇ ಬಾಗಿಲು.

"ಅಂದ್ರೆ ಇವರನ್ನ ಫ್ರೆಂಚ್ ಸೀಮೆಗೆ ಕಳಿಸ್ತಾರಾ?" ಅಂದೆ.

"ಇಲ್ಲಮ್ಮ. ಅಲ್ಲಿಗೆ ಹೋಗೋ ಹಾಗಿದ್ರೆ ಈ ಬಾಗಿಲಲ್ಲ. ಫ್ರೆಂಚ್ ಇಲ್ಲದ ಕಡೆಗೇ ಹೋಗಬೇಕು."

"ಹೋಟೆಲ್ಲಿಗೆ ಬರೋರು ಫ್ರೆಂಚಿನೋರಾ ಭಟ್ರೇ?"

"ಅಲ್ಲ ಅಮ್ಮ, ಹೆಚ್ಚಿನವರು ಪಂಜಾಬಿಗಳಂತೆ."

"ಯಜಮಾನರು?"

"ನಮ್ಮ ಬೈಂದೂರಿನವರು."

"ಹಾಗಾದ್ರೆ ಇವರು ಕಲಿತ ಫ್ರೆಂಚನ್ನ ಯಾರ ಹತ್ರ ಮಾತಾಡೋದು?"

ಮಗಳು ಮೊಬೈಲಿನಿಂದ ತಲೆ ಎತ್ತಿದಳು. "ಪರೀಕ್ಷೆ ಮಾಡೋರ ಹತ್ರ" ಅಂದಳು.

ಇನ್ನೊಂದು ವಿಷಯ ಕೇಳಿ ನನಗಂತೂ ಹೊಟ್ಟೆ ಉರಿದುಹೋಯಿತು. ಈ ಪರ್ಮಿಟ್ಟಿಗೆ ಓದು ಬರಹ ಲೆಕ್ಕಕ್ಕಿಲ್ಲವಂತೆ. ಮಾತಾಡುವುದು, ಕೇಳಿಸಿಕೊಳ್ಳುವುದು, ಎರಡೇ ಸಾಕಂತೆ. ಇಂಥ ಪರೀಕ್ಷೆ ನನ್ನ ಕಾಲದಲ್ಲಿ ಮೈಸೂರಿನಲ್ಲಿ ಇಟ್ಟಿದ್ದರೆ ಈ ಮನೆಯಲ್ಲಿ ಇಬ್ಬರು ಡಾಕ್ಟರು ಇರುತ್ತಿದ್ದರು.

ಎಲ್ಲರಿಗೂ ಇರುವ ಬೆಕ್ಕು

ಮೊದಲ ಮೇಷ್ಟ್ರು ನನ್ನ ಮೊಮ್ಮಗಳು. ಅವಳಿಗೆ ಸ್ಕೂಲಿನಲ್ಲಿ ಫ್ರೆಂಚ್ ಇತ್ತು. ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಮಾತ್ರ ಇಂಗ್ಲಿಷು. "ಇಟ್ಸ್ ಈಸಿ, ಅಜ್ಜಿ" ಅಂತ ಕೂತಳು. ವರ್ಷಗಟ್ಟಲೆ ಕಲಿತ ಅವಳ ಗಂಟು ಬಿಚ್ಚಿದರೆ ಒಳಗಿದ್ದದ್ದು ಇಷ್ಟು: ನನ್ನ ಹೆಸರು ಇಂಥದ್ದು, ನನ್ನ ಹತ್ತಿರ ಒಂದು ಕಪ್ಪು ಬೆಕ್ಕಿದೆ, ನನ್ನ ಕಪ್ಪು ಬೆಕ್ಕು ಎಲ್ಲಿ?

"ನಮ್ಮನೇಲಿ ಬೆಕ್ಕು ಎಲ್ಲಿದೆಯೇ?" ಅಂದೆ.

"ದಟ್ಸ್ ನಾಟ್ ದ ಪಾಯಿಂಟ್, ಅಜ್ಜಿ. ಫ್ರೆಂಚಲ್ಲಿ ಎವ್ರಿಬಡಿ ಹ್ಯಾಸ್ ಎ ಕ್ಯಾಟ್."

ಭಟ್ಟರು ಅದನ್ನೇ ಮಂತ್ರದ ಹಾಗೆ ಹಿಡಿದರು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹಿತ್ತಲಲ್ಲಿ ನಿಂತು, ಸೂರ್ಯನಿಗೆ ಮುಖ ಮಾಡಿ, ನನ್ನ ಕಪ್ಪು ಬೆಕ್ಕು ಎಲ್ಲಿ, ನನ್ನ ಕಪ್ಪು ಬೆಕ್ಕು ಎಲ್ಲಿ, ಅಂತ ಫ್ರೆಂಚಿನಲ್ಲಿ ಗಟ್ಟಿಯಾಗಿ ಹೇಳುವರು. ಪರೀಕ್ಷೆಯ ಭಯಕ್ಕೋ ಏನೋ, ಧ್ವನಿಯಲ್ಲಿ ಅಳು ಬೇರೆ.

ಒಂದು ಭಾನುವಾರ ಬಾಗಿಲು ಬಡಿಯಿತು. ತೆಗೆದರೆ ಎರಡು ಮನೆ ಆಚೆಯ ಹೆಂಗಸು. ಆಫ್ರಿಕಾದ ಕಡೆಯವಳು, ವಯಸ್ಸಾದವರ ಕೇರ್ ಹೋಮಿನಲ್ಲಿ ಕೆಲಸ. ದಾರಿಯಲ್ಲಿ ಸಿಕ್ಕರೆ ನಗುವಷ್ಟು ಗುರುತು. ಅವತ್ತು ಕಂಕುಳಲ್ಲಿ ಒಂದು ಕಪ್ಪು ಬೆಕ್ಕು.

"ಆ ಮನುಷ್ಯನನ್ನ ಕರೀರಿ" ಅಂದಳು. "ದಿನಾ ಬೆಳಿಗ್ಗೆ ಅಷ್ಟು ಸಂಕಟದಿಂದ ಕೇಳ್ತಾನೆ. ಈ ಬೀದಿಯಲ್ಲಿ ಯಾರಿಗೂ ಕರುಣೆ ಇಲ್ಲವಾ? ಕಸದ ಡಬ್ಬಿಗಳ ಹಿಂದೆ ಸಿಕ್ಕಿತು. ತಗೊಳ್ಳಿ."

ಅವಳ ಹುಟ್ಟುಭಾಷೆಯೇ ಫ್ರೆಂಚು ಅಂತ ನಮಗೆ ಗೊತ್ತಾದದ್ದು ಆಗ. ಭಟ್ಟರು ಬಂದರು. ಅವಳು ಫ್ರೆಂಚಿನಲ್ಲೇ ಕೇಳಿದಳು, ಇದು ನಿನ್ನದೇನಪ್ಪ ಅಂತ. ಪಾಪ, ಭಟ್ಟರಿಗೆ ಬರುತ್ತಿದ್ದ ಉತ್ತರ ಒಂದೇ. ಎದೆ ಸೆಟೆಸಿ ನಿಂತು, "ನನ್ನ ಹತ್ತಿರ ಒಂದು ಕಪ್ಪು ಬೆಕ್ಕಿದೆ" ಅಂದರು.

ಬೆಕ್ಕು ಒಳಗೆ ಬಂದು ನನ್ನ ಮಡಿಲಲ್ಲಿ ಮಲಗಿತು.

ಸೈಕಲ್ಲಿಗೆ ಹೆಣ್ಣು ನೋಡುವ ಶಾಸ್ತ್ರ

ಕೆನಡಾದ ವಿಷಯ ತಿಳಿದು ಆ ಹೆಂಗಸು ಬಿದ್ದು ಬಿದ್ದು ನಕ್ಕಳು. "ತಾಯಿ ಹಾಲು ಕುಡಿದಾಗಿನಿಂದ ಈ ಭಾಷೆ ಆಡ್ತಿದ್ದೇನೆ. ಇದನ್ನ ಕೇಳಿ ಬಸ್ಸಿನಲ್ಲಿ ಸೀಟು ಕೂಡ ಯಾರೂ ಬಿಟ್ಟಿಲ್ಲ. ನಿಮಗೆ ದೇಶವನ್ನೇ ಬಿಡ್ತಾರಾ?" ಅಂದಳು. ಆದರೂ ಕಲಿಸಲು ಒಪ್ಪಿದಳು. ದಕ್ಷಿಣೆಗೆ ಡಬ್ಬಿ ತುಂಬ ದೋಸೆ ಹಿಟ್ಟು, ಕಾಯಿಚಟ್ನಿ. ನಾವು ಅವಳನ್ನು ಟೀಚರಮ್ಮ ಅಂದೆವು, ಅವಳು ನನ್ನನ್ನು ಮಮಾ ಅಂದಳು. ಅವಳ ಇಂಗ್ಲಿಷೂ ಕುಂಟು, ನನ್ನದೂ ಕುಂಟು. ಒಬ್ಬರ ಹೆಗಲು ಒಬ್ಬರು ಹಿಡಿದು ನಡೆದೆವು.

ಪರೀಕ್ಷೆಯಲ್ಲಿ ಒಂದು ಭಾಗ ಹೀಗೆ: ಯಾವುದೋ ಜಾಹೀರಾತು ಕೊಡುತ್ತಾರೆ. ಫೋನ್ ಮಾಡಿದ ಹಾಗೆ ನಟಿಸಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಬೇಕು. ನಿಲ್ಲಿಸಬಾರದು. ಭಟ್ಟರಿಗೆ ಬಂದ ಕಷ್ಟ ಅದೇ. ಜೀವಮಾನವಿಡೀ ಅವರು ಇನ್ನೊಬ್ಬರು ಕೇಳಿದ್ದನ್ನು ಮಾಡಿಕೊಟ್ಟವರು. ತಾವಾಗಿ ಯಾರನ್ನೂ ಏನೂ ಕೇಳಿದವರಲ್ಲ.

ಟೀಚರಮ್ಮ ಸೈಕಲ್ಲು ಮಾರುವವಳಾದಳು. ಮಾತೆಲ್ಲ ಫ್ರೆಂಚಿನಲ್ಲಿ, ನನಗೆ ಭಟ್ಟರು ನಡುನಡುವೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಭಟ್ಟರು ಕಿವಿಗೆ ಕೈ ಇಟ್ಟುಕೊಂಡು, "ಸೈಕಲ್ಲು ಉಂಟಾ?" ಅಂದರು.

"ಇದೆ."

"ಆಯ್ತು, ಸಂತೋಷ" ಅಂದು ಫೋನ್ ಇಟ್ಟರು.

ಅವಳು ತಲೆ ಚಚ್ಚಿಕೊಂಡಳು. ನಾನು ಹುರುಳಿಕಾಯಿ ಸೋಸುತ್ತಾ ಕೂತಿದ್ದೆ. ನೋಡುವಷ್ಟು ನೋಡಿ ಕೇಳಿದೆ, "ಭಟ್ರೇ, ನಿಮ್ಮ ಮದುವೇಲಿ ಹೆಣ್ಣು ನೋಡೋಕೆ ಹೋದಾಗ ನಿಮ್ಮ ದೊಡ್ಡಮ್ಮ, ಸೋದರತ್ತೆ ಹೀಗೇ ಬಾಯಿ ಮುಚ್ಚಿಕೊಂಡು ಕೂತಿದ್ರಾ?"

"ಅವ್ರಾ? ಎಂತ ಹೇಳ್ತ್ರಿ ಅಮ್ಮ! ಕೋರ್ಟಲ್ಲೂ ಹಾಂಗೆ ಕೇಳುದಿಲ್ಲ" ಅಂದರು. ಒಲೆಯ ಹತ್ತಿರವಿದ್ದ ಹೆಂಡತಿ ಅಲ್ಲಿಂದಲೇ, "ನನ್ನ ಹಲ್ಲು ಕೂಡ ಎಣಿಸಿದ್ದಾರೆ" ಅಂದಳು.

"ಹಾಗಾದ್ರೆ ಈ ಸೈಕಲ್ಲನ್ನ ನಿಮ್ಮ ಮನೆಗೆ ತಂದುಕೊಳ್ತಿದೀರಿ ಅಂತ ತಿಳ್ಕೊಂಡು ಕೇಳಿ."

ನೋಡಿ, ಕಟ್ಟೆ ಒಡೆಯಿತು. ಸೈಕಲ್ಲಿಗೆ ವಯಸ್ಸೆಷ್ಟು? ಇಷ್ಟು ದಿನ ಯಾರ ಮನೆಯಲ್ಲಿತ್ತು? ಮನೆಯವರು ಎಂಥವರು? ಮೊದಲು ಯಾರಾದರೂ ನೋಡಿ ಹೋದರಾ? ಅವರು ಯಾಕೆ ಬೇಡ ಅಂದರು? ಎಲ್ಲಿಯಾದರೂ ಬಿದ್ದಿದೆಯಾ, ಮುಚ್ಚಿಡಬೇಡಿ. ಬೆಳಿಗ್ಗೆ ಬೇಗ ಹೊರಡುತ್ತದಾ? ಟೀಚರಮ್ಮ ಉತ್ತರ ಹೇಳಿ ಹೇಳಿ ಬೆವರಿದಳು. ಕೊನೆಗೆ ಭಟ್ಟರು ಧ್ವನಿ ತಗ್ಗಿಸಿ, ನಮ್ಮ ಸೋದರತ್ತೆಯರ ಹಾಗೇ ಮುಂದಕ್ಕೆ ಬಾಗಿ, "ಎಲ್ಲ ಸರಿ ಇದೆ ಅಂತೀರಿ. ಹಾಗಾದರೆ ಇಷ್ಟು ವರ್ಷವಾದರೂ ಯಾಕೆ ಎಲ್ಲೂ ಕೂಡಿ ಬರಲಿಲ್ಲ?" ಅಂದರು.

ಇಲ್ಲದ ಸೈಕಲ್ಲಿನ ಪರವಾಗಿ ಅವಳಿಗೆ ನಿಜವಾಗಿ ಕೋಪ ಬಂತು.

ವಡೆ ತಟ್ಟುವ ಕೈ

ಕೇಳಿಸಿಕೊಳ್ಳುವ ಭಾಗದಲ್ಲಿ ಇನ್ನೊಂದು ಪೇಚು. ಭಟ್ಟರು ಸುಮ್ಮನೆ ಕೂತು ಕೇಳಿದರೆ ಒಂದು ಮಾತೂ ತಲೆಗೆ ಹೋಗದು. ಅವರ ಕಿವಿ ಕೈಗೆ ಕಟ್ಟಿದೆ. ಕಾಯಿ ತುರಿಯುತ್ತಲೋ ವಡೆ ತಟ್ಟುತ್ತಲೋ ಇದ್ದರೆ ಮಾತ್ರ ಫ್ರೆಂಚ್ ವಾರ್ತೆ ಪೂರಾ ಅರ್ಥವಾಗುತ್ತಿತ್ತು. ಆ ತಿಂಗಳು ನಮ್ಮ ಮನೆಯಲ್ಲಿ ವಡೆ ತಿಂದೂ ತಿಂದೂ ನನ್ನ ಮಗಳು, "ಅಮ್ಮಾ, ಇವರು ಪಾಸಾಗೋ ಅಷ್ಟರಲ್ಲಿ ನಾನೇ ಪೇಷಂಟ್ ಆಗ್ತೀನಿ" ಅಂದಳು.

ಪರೀಕ್ಷೆಗೆ ಹಿಟ್ಟು ತೆಗೆದುಕೊಂಡು ಹೋಗುವುದಾದರೂ ಹೇಗೆ? ಬರಿಗೈಯಲ್ಲೇ ತಟ್ಟಿ ಅಂದೆ. ಅಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತವರೇ, ಮೇಜಿನ ಕೆಳಗೆ ಇಲ್ಲದ ವಡೆ ತಟ್ಟಿ, ನಡುವೆ ತೂತು ಮಾಡಿ, ಇಲ್ಲದ ಎಣ್ಣೆಗೆ ಬಿಟ್ಟರಂತೆ. ಕಾವಲಿನವನಿಗೆ ಅನುಮಾನ ಬಂತು. ಬಗ್ಗಿ ಮೇಜಿನ ಕೆಳಗೆ ನೋಡಿದ. ಕೈ ತೋರಿಸು ಅಂದ. ತೋರಿಸಿದರು, ಖಾಲಿ. ಇನ್ನೊಂದು ಸುತ್ತು ಬಂದು ಮತ್ತೆ ಬಗ್ಗಿದ. ಮತ್ತೆ ಖಾಲಿ.

"ಅವ ಬಗ್ಗಿದಾಗೆಲ್ಲ ನಾನು ಒಂದು ವಡೆ ಜಾಸ್ತಿ ಹೊತ್ತು ಎಣ್ಣೆಯಲ್ಲಿ ಬಿಡ್ಬೇಕಾಯ್ತು ಅಮ್ಮ" ಅಂತ ಭಟ್ಟರಿಗೆ ಇವತ್ತಿಗೂ ಬೇಜಾರು.

ಮೊದಲನೇ ಬೇಡ

ಆದರೆ ಎಲ್ಲಕ್ಕಿಂತ ದೊಡ್ಡ ಗಂಡಾಂತರ ಕೊನೆಯ ಭಾಗ. ಅದನ್ನು ಪರೀಕ್ಷೆಗೆ ಹೋಗುವ ಮುಂಚಿನ ವಾರದ ಕಥೆಯಿಂದಲೇ ಹೇಳಬೇಕು. ಎದುರಿಗೆ ಕೂತವರು ಸ್ನೇಹಿತರು ಅಂತ ತಿಳಿದುಕೊಳ್ಳಬೇಕು. ಎಲ್ಲಿಗೋ ಬನ್ನಿ ಅಂತ ಕರೆಯಬೇಕು. ಅವರು ಬರುವುದಿಲ್ಲ ಅನ್ನುತ್ತಾರೆ. ಒಪ್ಪಿಸಬೇಕು.

ಟೀಚರಮ್ಮ, "ನನಗೆ ಪುರುಸೊತ್ತಿಲ್ಲ" ಅಂದಳು.

"ಓ, ಹೌದಾ? ತೊಂದರೆ ಇಲ್ಲ ಮೇಡಂ, ಇನ್ನೊಮ್ಮೆ ನೋಡುವ" ಅಂದರು ಭಟ್ಟರು.

ಇನ್ನೊಂದು ಸಲ. "ನನಗೆ ಇಷ್ಟ ಇಲ್ಲ."

"ಇಷ್ಟ ಇಲ್ಲದಿದ್ದರೆ ಬೇಡ ಬಿಡಿ."

"ಎರಡು ನಿಮಿಷಕ್ಕೆ ಸೋಲ್ತೀಯಲ್ಲೋ!" ಅಂತ ಟೀಚರಮ್ಮ ಸಿಡುಕಿದಳು. ಹೋಟೆಲ್ಲಿನಲ್ಲಿ ಗಿರಾಕಿ ಬೇಡ ಅಂದರೆ ಬೇಡ. ಅದೇ ರಕ್ತಕ್ಕೆ ಇಳಿದುಬಿಟ್ಟಿತ್ತು. ಭಟ್ಟರು ಎದ್ದು ಹಿತ್ತಲಿಗೆ ಹೋದರು. ಹೆಂಡತಿ ನನ್ನ ಪಕ್ಕ ಬಂದು, "ಅಮ್ಮ, ಇವ್ರಿಗೆ ಆಗುದಿಲ್ಲ. ನಾನು ಊರಿನ ಮನೆ ಗುಡಿಸಿಡ್ಲಿಕ್ಕೆ ಹೇಳ್ತೆ" ಅಂದಳು.

ನಾನು ಅಡುಗೆಮನೆಯಿಂದ ಸೌಟು ತಂದು, ಭಟ್ಟರನ್ನು ಒಳಗೆ ಕರೆದು ಕೈಗೆ ಕೊಟ್ಟೆ. "ಊರಲ್ಲಿ ಪಂಕ್ತಿಗೆ ಬಡಿಸಿದೀರಾ?"

"ಚಿಕ್ಕಂದಿನಿಂದ ಬಡಿಸಿದ್ದೆ ಅಮ್ಮ."

"ಹೋಳಿಗೆ ಬಡಿಸೋವಾಗ ಎದುರಿನೋರು ಬೇಡ ಅಂದ್ರೆ?"

"ಬೇಡ ಹೇಳದೆ ಇರ್ತ್ರಾ? ಮರ್ಯಾದೆಗೆ ಹೇಳ್ತ್ರು. ಮೊದಲನೇ ಬೇಡ ಲೆಕ್ಕಕ್ಕಿಲ್ಲ."

"ಎರಡನೇದು?"

"ಎರಡನೇದಕ್ಕೆ ಅರ್ಧ ಬೇಕು ಅಂತ."

"ಕೈ ಅಡ್ಡ ಹಿಡಿದ್ರೆ?"

"ಬೆರಳಿನ ಸಂದಿಯಲ್ಲಿ ತುಪ್ಪ ಬಿಡುದು" ಅಂದವರು ಅಲ್ಲಿಗೇ ನಿಂತರು. ಸೌಟನ್ನೂ ಟೀಚರಮ್ಮನನ್ನೂ ನೋಡಿದರು. ಮುಖದ ಮೇಲೆ ಬೇರೆಯೇ ಕಳೆ. "ಮೇಡಂ, ಮತ್ತೊಮ್ಮೆ ಬೇಡ ಹೇಳಿ ಕಾಂಬ" ಅಂದರು.

ಅವತ್ತು ಟೀಚರಮ್ಮ ಮನೆಗೆ ಹೋಗುವ ಹೊತ್ತಿಗೆ ಇಲ್ಲದ ಒಂದು ನಾಟಕ, ಇಲ್ಲದ ಎರಡು ಮದುವೆ, ಮತ್ತು ಇಲ್ಲದ ಒಂದು ತೀರ್ಥಯಾತ್ರೆಗೆ ಒಪ್ಪಿಕೊಂಡಾಗಿತ್ತು.

ಕಾಫಿ ಕುಡಿಯದೆ ಹೋಗಬಾರದು

ಪರೀಕ್ಷೆಯ ದಿನ ಭಟ್ಟರ ಹೆಂಡತಿ, ಟೀಚರಮ್ಮ, ನಾನು, ಮೂವರೂ ಟ್ಯೂಬ್ ರೈಲಿನಲ್ಲಿ ಜೊತೆಗೆ ಹೋದೆವು. ಸೌಟನ್ನು ಒಳಗೆ ಬಿಡುವುದಿಲ್ಲ ಅಂತ ನನ್ನ ಚೀಲದಲ್ಲೇ ಇಟ್ಟುಕೊಂಡೆ. ಬೀದಿಯ ಬೆಂಚಿನ ಮೇಲೆ ಕೂತು ಕಾದೆವು. ಭಟ್ಟರ ಹೆಂಡತಿ ನನ್ನ ಕೈ ಹಿಡಿದವಳು ಬಿಡಲಿಲ್ಲ. ಆಮೇಲೆ ಭಟ್ಟರು ಬಂದು ಒಳಗಾದದ್ದನ್ನು ಹೇಳಿದರು.

ಎದುರಿಗೆ ಕೂತಿದ್ದದ್ದು ಬಿಳಿಗೂದಲಿನ, ಬಿಗಿ ಮುಖದ ಹೆಂಗಸು. ಆಕೆಯನ್ನು ನದಿಯಲ್ಲಿ ದೋಣಿ ಸವಾರಿಗೆ ಒಪ್ಪಿಸಬೇಕು.

"ನನಗೆ ನೀರು ಕಂಡರೆ ಭಯ" ಅಂದಳಂತೆ ಆಕೆ.

"ನಾನು ಸಮುದ್ರದ ದಡದಲ್ಲಿ ಹುಟ್ಟಿದವ. ನನ್ನ ಪಕ್ಕ ಕೂತುಕೊಳ್ಳಿ."

"ಬೆನ್ನು ನೋವು."

"ನಮ್ಮ ಮನೆಯಲ್ಲಿ ಡಾಕ್ಟರು ಇದ್ದಾರೆ. ಅವರನ್ನೂ ದೋಣಿಗೆ ಹತ್ತಿಸುವ."

"ಊಟ ಸೇರುವುದಿಲ್ಲ."

ಇದು ಮಾತ್ರ ಆಕೆ ಹೇಳಬಾರದಿತ್ತು. ಭಟ್ಟರು ಇಡ್ಲಿಯಿಂದ ಶುರು ಮಾಡಿ ಪಾಯಸದ ತನಕ ಬಂದರಂತೆ. ಆಕೆಗೆ ಉಗುಳು ನುಂಗಿ ನುಂಗಿ ಸಾಕಾಯಿತು. ಕೊನೆಗೆ, "ಮನೆಯಲ್ಲಿ ಬೆಕ್ಕಿದೆ, ನೋಡಿಕೊಳ್ಳುವವರಿಲ್ಲ" ಅಂದಳು.

ಭಟ್ಟರ ಮುಖ ಅರಳಿತು. ಅಷ್ಟು ತಿಂಗಳು ಹಿತ್ತಲಲ್ಲಿ ನಿಂತು ಕೂಗಿದ್ದಕ್ಕೆ ಫಲ. "ನನ್ನ ಹತ್ತಿರವೂ ಒಂದು ಕಪ್ಪು ಬೆಕ್ಕಿದೆ! ನಮ್ಮ ಅಮ್ಮ ಎರಡನ್ನೂ ನೋಡಿಕೊಳ್ತಾರೆ!"

ಆಕೆ ಸೋತು, "ಆಗಲಿ, ಬರ್ತೇನೆ" ಅಂದಳು. ಅಲ್ಲಿಗೆ ನಿಲ್ಲಿಸಬೇಕು ತಾನೆ? ಹೂಂ ಅಂದವರ ಎಲೆಗೆ ಇನ್ನೊಂದು ಹಾಕದೆ ಹೋಗುವುದು ಭಟ್ಟರಿಗೆ ಗೊತ್ತಿಲ್ಲ. "ಒಬ್ಬರೇ ಬರಬೇಡಿ. ಮನೆಯವರನ್ನೂ ಕರಕೊಂಡು ಬನ್ನಿ. ತಾಯಿ ಇದ್ದಾರಾ? ಅವರನ್ನೂ ಕರಕೊಂಡು ಬನ್ನಿ." ಆಕೆ ಹೊತ್ತಾಯಿತು, ಮುಗಿಯಿತು ಅಂತ ಎದ್ದು ನಿಂತಳು. ಭಟ್ಟರೂ ಎದ್ದು ನಿಂತು, "ಕಾಫಿ ಕುಡಿಯದೆ ಹೋಗಬಾರದು" ಅಂದರಂತೆ. ಆಕೆಯ ರೂಮು, ಆಕೆಯ ಮೇಜು!

ಕೇಳಿ ಹೆಂಡತಿ ತಲೆಯ ಮೇಲೆ ಕೈ ಹೊತ್ತಳು. "ಪರೀಕ್ಷೆ ಮಾಡುವವ್ರನ್ನೇ ಓಡಿಸಿ ಬಂದ್ರಿಯಲ್ಲ ಮಾರಾಯ್ರೆ!"

ಪಾಸು ಅಂತ ತಿಳಿದ ದಿನ ಭಟ್ಟರು ಹೋಟೆಲ್ಲಿನ ಕಾವಲಿಯ ಮುಂದೆ ಇದ್ದರು. ಹೆಂಡತಿ ಫೋನಿನಲ್ಲಿ ಹೇಳಿದಳು. ಆ ಕಡೆಯಿಂದ ಭಟ್ಟರು, "ದೋಸೆ ಸೀದುಹೋಯ್ತು ಕಾಣ್" ಅಂದರಂತೆ. ಅವರ ಕೈಯಲ್ಲಿ ದೋಸೆ ಸೀದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹೆಂಡತಿ ಫೋನ್ ಕೆಳಗಿಟ್ಟು, ತೊಳೆದಿಟ್ಟ ಲೋಟಗಳನ್ನೆಲ್ಲ ಮತ್ತೆ ತೊಳೆದಳು, ಈ ಸಲ ನಗುತ್ತಾ.

ಅಜ್ಜಿಯ ಎಲೆಗೆ

ಅವರು ಕೆನಡಾಕ್ಕೆ ಹೋದರು. ಈಸ್ಟ್ ಹ್ಯಾಮಿನ ಹೋಟೆಲ್ಲು ಈಗ ಮೊಬೈಲ್ ಅಂಗಡಿ. ಬೆಕ್ಕು ಟೀಚರಮ್ಮನ ಮನೆಗೆ ಹೋಯಿತು. ಹಗಲು ಮಾತ್ರ ಬಂದು ನನ್ನ ಮಡಿಲಲ್ಲಿ ಮಲಗಿ ಹೋಗುತ್ತಿತ್ತು.

ಮೊನ್ನೆ ಟೀಚರಮ್ಮ ನಮ್ಮ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ಭಟ್ಟರ ಫೋನು ಬಂತು. ಅಲ್ಲಿನ ಯಜಮಾನರು ಇನ್ನೊಂದು ಹೋಟೆಲ್ಲು ತೆಗೆಯುತ್ತಿದ್ದಾರಂತೆ, ಗಲ್ಲಾದಲ್ಲಿ ಕೂರಲು ನಂಬಿಕೆಯವರು ಬೇಕಂತೆ. ಇವಳ ಕೇರ್ ಹೋಮಿನ ಪರ್ಮಿಟ್ಟೂ ಮುಗಿಯುವುದರಲ್ಲಿತ್ತು. ಭಟ್ಟರು ಫ್ರೆಂಚಿನಲ್ಲೇ ಕರೆದರು. ಅವಳು ತಲೆ ಅಲ್ಲಾಡಿಸಿದಳು. ಚಳಿ ಅಂದಳಂತೆ, ದೂರ ಅಂದಳಂತೆ, ಈ ವಯಸ್ಸಿಗಾ ಅಂದಳಂತೆ. ನನಗೆ ಒಂದಕ್ಷರ ಅರ್ಥವಾಗದಿದ್ದರೂ ಯಾವುದು ಮೊದಲನೇ ಬೇಡ, ಯಾವುದು ಎರಡನೇದು ಅಂತ ಅವಳ ಮುಖದಲ್ಲೇ ಓದಿಕೊಂಡೆ. ತುಪ್ಪ ಬೆರಳಿನ ಸಂದಿಯಲ್ಲಿ ಇಳಿಯುತ್ತಿದ್ದದ್ದು ಕಾಣುತ್ತಿತ್ತು. ಕೊನೆಗೆ ಅವಳು ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಒಪ್ಪಿಕೊಂಡಳು. ತಾನು ಕಲಿಸಿದ ಫ್ರೆಂಚಿಗೆ ತಾನೇ ಸೋತಳು.

ಆಮೇಲೆ ಬೆಕ್ಕನ್ನು ನೋಡಿದಳು. ಬೆಕ್ಕು ನನ್ನನ್ನು ನೋಡಿತು.

"ಬೇಡಪ್ಪಾ, ನನ್ನ ಕೈಲಿ ಆಗಲ್ಲ" ಅಂದೆ.

"ಮಮಾ, ಅದು ನಿಮ್ಮ ಮಡಿಲು ಬಿಟ್ಟು ಬೇರೆ ಕಡೆ ನಿದ್ದೆ ಮಾಡುವುದಿಲ್ಲ."

"ಬೇಡ ಅಂದ್ನಲ್ಲ."

ಮೆಟ್ಟಿಲ ಮೇಲಿಂದ ಮೊಮ್ಮಗಳು ಕೂಗಿದಳು, "ಅಜ್ಜಿ, ದಟ್ಸ್ ಓನ್ಲಿ ಯುವರ್ ಸೆಕೆಂಡ್ ನೋ!" ಫೋನಿನಲ್ಲಿ ಭಟ್ಟರು, "ಹಾಂಗಾರೆ ಅರ್ಧ ಬೇಕು ಅಂತ ಆಯ್ತು ಅಮ್ಮ" ಅಂದರು.

ಈಗ ಟೀಚರಮ್ಮನೂ ಹೋಗಿಯಾಯಿತು. ಬೆಕ್ಕು ನನ್ನದಾಯಿತು. ಕನ್ನಡದಲ್ಲಿ ಕರೆದರೆ ತಿರುಗಿ ಕೂಡ ನೋಡುವುದಿಲ್ಲ. ಹಾಗಾಗಿ ಬೆಳಿಗ್ಗೆ ಎದ್ದು ಹಿತ್ತಲಲ್ಲಿ ನಿಂತು, ನನ್ನ ಕಪ್ಪು ಬೆಕ್ಕು ಎಲ್ಲಿ ಅಂತ ಫ್ರೆಂಚಿನಲ್ಲಿ ಕೂಗುತ್ತೇನೆ. ನಿನ್ನೆ ಪಕ್ಕದ ಮನೆಯ ಗುಜರಾತಿ ಹೆಂಗಸು ಬೇಲಿಯ ಮೇಲಿಂದ ಬಗ್ಗಿ ನನ್ನ ಮಗಳನ್ನು ಗುಟ್ಟಾಗಿ ಕೇಳಿದಳಂತೆ, "ನಿಮ್ಮ ಅಮ್ಮ ಕೆನಡಾಕ್ಕೆ ಯಾವಾಗ ಹೊರಡೋದು?"